ಮುಟ್ಟು ಮುಂದೂಡಿದ ಮನೆ

ನನ್ನ ಮಗಳ ರಕ್ತದ ವರದಿಯನ್ನು ಮೊದಲು ಓದಿದವಳು ಮಗಳಲ್ಲ, ನಾನೂ ಅಲ್ಲ. ಹುಕ್ಕೇರಿಯಲ್ಲಿರುವ ನನ್ನ ನಾದಿನಿ. ಗೋಕಾಕದ ಲ್ಯಾಬಿನವರು ಅದನ್ನು ನನ್ನ ಗಂಡನ ಮೊಬೈಲಿಗೆ ಕಳಿಸಿದ್ದರು. ಅವರು ತೆರೆದೂ ನೋಡದೆ, ಇಂಥದ್ದೆಲ್ಲ ಅಕ್ಕನಿಗೆ ತಿಳಿಯುತ್ತದೆ ಎಂದು ಹುಕ್ಕೇರಿಗೆ ದಾಟಿಸಿಬಿಟ್ಟರು. ಅಕ್ಕನಿಗೆ ತಿಳಿಯುವುದೇನು ಮಣ್ಣು! ಇಡೀ ಹಾಳೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ದಪ್ಪ ಅಕ್ಷರದ ಒಂದೇ ಸಾಲು. ಟೆಸ್ಟೋಸ್ಟೆರಾನ್ ಎಂಬ ಹೆಸರು, ಪಕ್ಕದಲ್ಲೊಂದು ಅಂಕಿ, ಅಂಕಿಯ ಮುಂದೆ ಮೇಲೆ ನೋಡುವ ಬಾಣ. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡಿದ್ದಾರೆ. ನಾನು ಕಲ್ಲೋಳಿಯ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಆಗಷ್ಟೇ ರೊಟ್ಟಿಯ ಡಬ್ಬಿ ಬಿಚ್ಚಿದ್ದೆ, ಫೋನು ಬಂತು.

“ಏನವಾ, ನಿನ್ನ ಮಗಳ ಮೈಯಾಗ ಗಂಡಸರ ಹಾರ್ಮೋನ್ ಐತಂತಲ್ಲ!”

ಪಕ್ಕದಲ್ಲಿ ಹಿಂದಿ ಟೀಚರ್ ಕೂತಿದ್ದರು. ನಾದಿನಿಯ ದನಿ ಫೋನಿನಾಚೆಗೂ ಕೇಳುವಂಥದ್ದು. ನಾನು ಡಬ್ಬಿ ಮುಚ್ಚಿ ವರಾಂಡಕ್ಕೆ ಎದ್ದುಹೋದೆ. ಹೆಣ್ಣಿನ ಮೈಯಲ್ಲೂ ಆ ಹಾರ್ಮೋನು ಸ್ವಲ್ಪ ಇದ್ದೇ ಇರುತ್ತದೆ, ಎಷ್ಟಿದೆ ಎಂದು ನೋಡುವುದಕ್ಕೇ ರಕ್ತ ತೆಗೆಯುತ್ತಾರೆ ಎಂದು ಹೇಳಹೋದೆ. ಅವರಿಗೆ ಪಾಠ ಬೇಕಿರಲಿಲ್ಲ. “ಅದೇನರ ಇರ್ಲಿ, ಹುಡುಗಿಗಿ ಮೀಸಿ ಬರೂದ್ರಾಗ ಏನರ ಮಾಡ್ರಿ” ಎಂದು ಫೋನಿಟ್ಟರು. ಸಂಜೆ ನಾನು ಬಸ್ಸಿಳಿದು ಮೂಡಲಗಿಯ ಮನೆ ಸೇರುವ ಹೊತ್ತಿಗೆ ಆ ಹಾಳೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿತ್ತು. ಕೈಮುಗಿದ ಚಿತ್ರಗಳೂ ಅದರ ಕೆಳಗೆ ಸಾಲಾಗಿ ಬಿದ್ದಿದ್ದವು. ಯಾರೋ ಸತ್ತಾಗ ಹಾಕುವ ಅದೇ ಕೈಗಳು. 

ಈಗ ಎರಡು ವರ್ಷವಾಯಿತು. ನಾದಿನಿಯನ್ನು ಬೈದುಕೊಂಡೇ ಇದನ್ನು ಬರೆದು ಮುಗಿಸಬಹುದಿತ್ತು, ಸುಲಭವಿತ್ತು. ಆದರೆ ಆ ಬಾಣ ಮೇಲೆ ನೋಡುವಂತೆ ಮಾಡಿದ್ದು ನಾದಿನಿಯಲ್ಲ, ನಾನು. ಅದೂ ತಿಳಿಯದೆ ಮಾಡಿದ್ದಲ್ಲ. ಹದಿನಾರು ವರ್ಷಗಳಿಂದ ವಿಜ್ಞಾನ ಕಲಿಸುವವಳು ನಾನು. ಹತ್ತನೆಯ ತರಗತಿಗೆ ಗ್ರಂಥಿಗಳ ಪಾಠ ಮಾಡುವಾಗ ಬೋರ್ಡಿನ ಮೇಲೆ ಮೆದುಳಿನಿಂದ ಅಂಡಾಶಯದವರೆಗೆ ಗೆರೆ ಎಳೆಯುತ್ತೇನೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಕಿಸಕ್ಕೆಂದರೆ ನಿಲ್ಲಿಸಿ ಬೈಯುತ್ತೇನೆ. “ಇದ್ರಾಗ ನಾಚಿಕಿ ಪಡೂವಂಥಾದ್ದು ಏನೈತಿ?” ಎಂದು ಕೇಳುತ್ತೇನೆ. ಎಂಥ ಗಂಟಲು ನನ್ನದು, ಎಷ್ಟು ಸಲೀಸಾಗಿ ಆ ಮಾತು ಬರುತ್ತದೆ!

ನಮ್ಮ ಮನೆತನದ್ದೊಂದು ಹೆಮ್ಮೆ ಇದೆ, ಅದನ್ನು ಮೊದಲು ಹೇಳಬೇಕು. ನಮ್ಮದು ಲಿಂಗ ಕಟ್ಟಿದ ಮನೆ. ಮುಟ್ಟಾದ ಹೆಣ್ಣನ್ನು ಹೊರಗೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ನನ್ನ ಅತ್ತೆ ಬಂದವರೆದುರು ಎದೆ ತಟ್ಟಿ ಹೇಳುತ್ತಾರೆ. “ಲಿಂಗ ಕಟ್ಟಿದ ಮೈಗಿ ಯಾತರ ಮೈಲಿಗಿ?” ಎಂಬುದು ಅವರ ಮಾತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಈ ಮಾತಿಗೆ ಮಾರುಹೋಗಿದ್ದೆ. ಗೆಳತಿಯರ ಮನೆಗಳಲ್ಲಿ ಮೂರು ದಿನ ಚಾಪೆ, ಚರಿಗೆ ಬೇರೆ ಇಡುವುದನ್ನು ಕಂಡವಳಿಗೆ ಇದು ದೊಡ್ಡ ಬಿಡುಗಡೆಯೇ ಅನ್ನಿಸಿತ್ತು.

ಆರು ತಿಂಗಳು ಕಳೆಯುವುದರೊಳಗೆ ಒಳಗುಟ್ಟು ಗೊತ್ತಾಯಿತು. ಮನೆಯಲ್ಲಿ ಸ್ವಾಮಿಗಳ ಪಾದಪೂಜೆ ಇಟ್ಟುಕೊಂಡಿದ್ದರು. ಹಿಂದಿನ ವಾರವೇ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ನನ್ನ ಡೇಟ್ ಯಾವತ್ತು ಎಂದು ಕೇಳಿದರು. ಹೇಳಿದೆ. ಅವರು ಬೆರಳೆಣಿಸಿ, ಸೆರಗಿನ ಗಂಟಿನಿಂದ ಗುಳಿಗೆಯ ಒಂದು ಹಾಳೆ ತೆಗೆದುಕೊಟ್ಟರು. “ಮೈಲಿಗಿ ಅಂತಲ್ಲವಾ, ನಮ್ಮಾಗ ಅದೆಲ್ಲಾ ಇಲ್ಲ. ಆದ್ರ ನಾಕ ಮಂದಿ ಬರೂ ಮನಿ. ಯಾಕ ಬೇಕು?” ಎಂದರು. ನಮ್ಮ ಮನೆಯಲ್ಲಿ ಯಾರೂ ಹೊರಗೆ ಕೂರುವುದಿಲ್ಲ, ಖರೆ. ಯಾಕೆಂದರೆ ಹಬ್ಬದ ದಿನ ನಮ್ಮ ಮನೆಯಲ್ಲಿ ಯಾರಿಗೂ ಮುಟ್ಟು ಬರುವುದೇ ಇಲ್ಲ. ಹಾಗೆ ನೋಡಿಕೊಳ್ಳುತ್ತೇವೆ. ಒಂದು ಗುಳಿಗೆಯಿಂದ ಧರ್ಮವೂ ಉಳಿಯಿತು, ಮಡಿಯೂ ಉಳಿಯಿತು. ಇಂಥ ಜಾಣತನ ನೆನೆದರೆ ಈಗ ಮೈ ಉರಿಯುತ್ತದೆ. ಆಗ ನಾನು ನೀರು ಕುಡಿದು ನುಂಗಿದೆ.

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಅದೇ ಗುಳಿಗೆಯನ್ನು ನಾನು ಅವಳಿಗೆ ಕೊಟ್ಟೆ. ಅತ್ತೆ ಹೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು, ಅಷ್ಟೆ. ಆಮೇಲೆ ಅದು ರೂಢಿಯಾಯಿತು. ಮೈದುನನ ಮದುವೆಗೆ ಒಂದು ಸಲ, ಶ್ರಾವಣದ ಕಡೆಯ ಸೋಮವಾರಕ್ಕೆ ಒಂದು ಸಲ, ಬೋರ್ಡ್ ಪರೀಕ್ಷೆಗೆ ಒಂದು ಸಲ, ದೀಪಾವಳಿಗೆ, ಯಾರದೋ ಸೀಮಂತಕ್ಕೆ, ಯಾರದೋ ಲಿಂಗದೀಕ್ಷೆಗೆ. ಮೆಡಿಕಲ್ ಅಂಗಡಿಯವರಿಗೆ ಹೆಸರು ಹೇಳುವುದೂ ಬೇಕಿರಲಿಲ್ಲ. “ಮುಂದ ಹಾಕೂ ಗುಳಿಗಿ ಕೊಡ್ರಿ” ಎಂದರೆ ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಚೀಟಿ ಕೇಳಿದವರಿಲ್ಲ. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಯಾವಾಗಲೂ ಒಂದು ಹಾಳೆ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ಬೇಕಾದರೆ ನನ್ನನ್ನೇ ಕೇಳುತ್ತಿದ್ದರು. ವಿಜ್ಞಾನದ ಟೀಚರ್ ಕೊಟ್ಟ ಗುಳಿಗೆ ಎಂದರೆ ಅದಕ್ಕೊಂದು ತೂಕ. ನನಗೂ ಒಳಗೊಳಗೇ ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ.

ಹೀಗೆ ಐದಾರು ವರ್ಷ. ಮಗಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಅವಳ ತಿಂಗಳು ಎಷ್ಟು ದಿನದ್ದು ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಮ್ಮೆ ನಲವತ್ತು ದಿನ, ಒಮ್ಮೆ ಎರಡು ತಿಂಗಳು. ತನ್ನಷ್ಟಕ್ಕೆ ತಾನು ಬರಲು ನಾವು ಅದನ್ನು ಬಿಟ್ಟಿದ್ದರಲ್ಲವೆ? ಗದ್ದದ ಕೆಳಗೆ ನಾಲ್ಕಾರು ಕೂದಲೂ ಕಾಣಿಸಿದ್ದವು. ಅವಳು ಗೋಕಾಕದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು, ಥ್ರೋಬಾಲ್ ಆಡುತ್ತಿದ್ದಳು, ಆ ಕೂದಲಿನ ಗೊಡವೆಯೇ ಅವಳಿಗಿರಲಿಲ್ಲ. ಗೊಡವೆ ಇದ್ದದ್ದು ನಾದಿನಿಗೆ.

ನಾದಿನಿ ಹುಕ್ಕೇರಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗುರುವಾರ ವಾಸ್ತುಶಾಂತಿ. ಸೀರೆಗಳನ್ನು ಕೊಳ್ಳಲು ಮಂಗಳವಾರ ಗೋಕಾಕಕ್ಕೆ ಬಂದರು, ನಾನೂ ಮಗಳೂ ಜೊತೆಗೂಡಿದೆವು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸೀರೆಯ ಅಂಚು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಮಗಳ ಗದ್ದ ಹಿಡಿದು ಮೇಲೆತ್ತಿದರು. ಸಂತೆಯಲ್ಲಿ ಆಕಳ ಬಾಯಿ ತೆರೆದು ಹಲ್ಲು ನೋಡುತ್ತಾರಲ್ಲ, ಹಾಗೆ. ಅಂಗಡಿಯವನೂ ನೋಡಿದ.

“ಇದೇನ ಇದು? ಡೇಟ್ ಸರಿ ಬರ್ತಾವಿಲ್ಲೋ ಈಕಿಗಿ? ನಡೀರಿ, ಇಲ್ಲೇ ಬಾಜೂಕ ದವಾಖಾನಿ ಐತಿ. ಇವತ್ತ ತೋರಿಸಿಬಿಡೂಣು.”

ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಕಾರಣ ಇತ್ತು. ಎರಡು ತಿಂಗಳಿಂದ ನಿಂತದ್ದು ಗುರುವಾರದ ವಾಸ್ತುಶಾಂತಿಗೇ ಬಂದುಬಿಟ್ಟೀತೆಂದು ಮಗಳು ಅಂದಿಗೆ ನಾಲ್ಕು ದಿನದಿಂದ ಗುಳಿಗೆ ನುಂಗುತ್ತಿದ್ದಳು. ಬೆಳಿಗ್ಗೆ ಚಹಾದ ಜೊತೆ ನಾನೇ ಕೊಟ್ಟಿದ್ದೆ.

ಡಾಕ್ಟರ್ ಮೇಡಂ ಚಿಕ್ಕ ವಯಸ್ಸಿನವರು. ಹೊರಗೆ ಬೆಂಚು ತುಂಬಿ ಜನ ನಿಂತಿದ್ದರೂ ಕೇಳಬೇಕಾದ್ದನ್ನೆಲ್ಲ ಕೇಳಿದರು, ಅವರ ಮೇಲೆ ನನಗೇನೂ ದೂರಿಲ್ಲ. ಹೊಟ್ಟೆನೋವು ಇರುತ್ತದೆಯೇ, ಆ ದಿನಗಳಲ್ಲಿ ಓಡಾಡುತ್ತಾಳೆಯೇ, ಮಲಗಿಯೇ ಇರುತ್ತಾಳೆಯೇ ಎಂದರು. “ನಿಮ್ಮ ಮನ್ಯಾಗ ಹೊರಗ ಕೂಡೂದು ಐತೇನ್ರಿ?” ಎಂದೂ ಕೇಳಿದರು. ಅಷ್ಟು ಸಾಕಾಯಿತು ನನಗೆ. ಶುರು ಮಾಡಿದೆ ಭಾಷಣ. ನಾವು ಅಂಥವರಲ್ಲ, ನಮ್ಮ ಮನೆಯಲ್ಲಿ ಮೈಲಿಗೆ ಎಂಬ ಶಬ್ದವೇ ಇಲ್ಲ, ನಾನು ಸ್ವತಃ ವಿಜ್ಞಾನದ ಟೀಚರ್, ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ತಿಳುವಳಿಕೆ ಕೊಡುತ್ತೇನೆ. ಮೇಡಂ ಮೆಚ್ಚಿಕೊಂಡು ತಲೆಯಾಡಿಸಿದರು. ಆಮೇಲೆ ಬರೆಯುತ್ತ ಬರೆಯುತ್ತ ಮುಂದಿನ ಪ್ರಶ್ನೆ ಕೇಳಿದರು.

“ಈಗ ಯಾವ್ದರ ಗುಳಿಗಿ ತಗೊಳ್ಳಾಕತ್ತಾಳೇನ್ರಿ? ಹಾರ್ಮೋನಿಂದು, ಡೇಟ್ ಮುಂದ ಹಾಕೂದು, ಅಂಥಾದ್ದು?”

ನಾದಿನಿ ನನ್ನನ್ನು ನೋಡಿದರು. ಅವರಿಗೂ ಗೊತ್ತು, ಅವರ ಮನೆಯ ಕಾರ್ಯಕ್ಕೇ ತಾನೆ ಆ ಗುಳಿಗೆ. ಮಗಳೂ ನನ್ನನ್ನು ನೋಡಿದಳು. ಅಷ್ಟು ದೊಡ್ಡ ಮಾತಾಡಿದ ಬಾಯಿಂದ ಈಗ ಹೌದು ಎನ್ನುವುದು ಹೇಗೆ? ಮರ್ಯಾದೆ ಹೋಗುತ್ತದಲ್ಲ!

“ಇಲ್ರಿ” ಎಂದೆ.

ಪಿಸಿಒಎಸ್ ಇರಬಹುದು, ಅಂಡಾಶಯದ ತೊಂದರೆ, ಹೆದರುವಂಥದ್ದಲ್ಲ ಎಂದು ಮೇಡಂ ಹೇಳಿದರು. ಸಾಮಾನ್ಯವಾಗಿ ಮುಟ್ಟಿನ ಎರಡು ಅಥವಾ ಮೂರನೆಯ ದಿನ ರಕ್ತ ತೆಗೆಯುತ್ತಾರಂತೆ. ಇವಳಿಗೆ ಎರಡು ತಿಂಗಳಿಂದ ಬಂದೇ ಇಲ್ಲವಾದ್ದರಿಂದ, ಗುಳಿಗೆಯನ್ನೂ ತೆಗೆದುಕೊಳ್ಳುತ್ತಿಲ್ಲವಾದ್ದರಿಂದ, ಇವತ್ತೇ ಕೊಡಿ ಎಂದರು. ಪಕ್ಕದ ಲ್ಯಾಬಿನಲ್ಲಿ ಮಗಳು ತೋಳು ಚಾಚಿದಳು. ರಕ್ತ ಟ್ಯೂಬಿಗೆ ಏರುವುದನ್ನು ನಾನು ನಿಂತು ನೋಡಿದೆ. ಅದರಲ್ಲಿ ಏನೇನು ಬೆರೆತಿದೆ ಎಂದು ಆ ಕೋಣೆಯಲ್ಲಿದ್ದವರಲ್ಲಿ ನನಗೊಬ್ಬಳಿಗೆ ಪೂರ್ತಿ ತಿಳಿಯಬೇಕಿತ್ತು. ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ಗುಳಿಗೆಯಿಂದ ಏನಾಗುತ್ತದೆ ಬಿಡು ಎಂದುಕೊಂಡೆ. ಹೊರಬಂದು ಮೂವರೂ ಕರದಂಟು ತಗೊಂಡೆವು, ಗುರುವಾರ ಹುಕ್ಕೇರಿಗೆ ಹೋಗಿ ಹೊಟ್ಟೆತುಂಬ ಹೋಳಿಗೆ ಉಂಡು ಬಂದೆವು.

ಶುಕ್ರವಾರ ಬಂದದ್ದೇ ಆ ಬಾಣದ ಹಾಳೆ. ಮರುವಾರ ಮಾಡಿಸಿದ ಸ್ಕ್ಯಾನಿನಲ್ಲೂ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ ಎಂದು ಬರೆದುಕೊಟ್ಟರು. ಎರಡೂ ಕೂಡಿ ಪಿಸಿಒಎಸ್ ಎಂದು ಗಟ್ಟಿಯಾಯಿತು. ತಿಂಗಳಿಗೆ ಇಪ್ಪತ್ತೊಂದು ಗುಳಿಗೆ ನುಂಗುವ ಚಿಕಿತ್ಸೆ ಶುರುವಾಯಿತು.

ಆ ಮೇಲಿನ ತಿಂಗಳುಗಳನ್ನು ನೆನೆದರೆ ನನಗೆ ನಮ್ಮ ಇಡೀ ಬಳಗದ ಮೇಲೆ ಹೇಸಿಗೆ ಬರುತ್ತದೆ. ಬಂದವರೆಲ್ಲ ಮೊದಲು ಅವಳ ಗದ್ದ ನೋಡುತ್ತಿದ್ದರು, ಆಮೇಲೆ ಮುಖ. ಒಬ್ಬರು ಅಗಸಿಯ ಪುಡಿ ತಂದುಕೊಟ್ಟರು, ಒಬ್ಬರು ಮೆಂತ್ಯದ ನೀರು ಕುಡಿಸಿ ಎಂದರು, ಒಬ್ಬರು ಅನ್ನ ಬಿಡಿಸಿದರು, ಇನ್ನೊಬ್ಬರು ಬಂದು ಬೆಲ್ಲ ಬಿಡಿಸಿದರು. ಮದುವೆ ಮಾಡಿದರೆ ತಾನೇ ಸರಿಹೋಗುತ್ತದೆ ಎಂದವರುಂಟು. ಇಂಥ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅಂದವರೂ ಅವರೇ. ಗುಳಿಗೆ ತರಲು ಹೋದಾಗ ಅಂಗಡಿಯವನು ಚೀಟಿ ನೋಡಿ, “ಇದು ಮಕ್ಕಳಾಗದಂಗ ತಗೊಳ್ಳೂ ಗುಳಿಗಿ ಐತ್ರಿ, ಯಾರಿಗಿ?” ಎಂದ. ಹೆಸರು ಹೇಳದೆ ಪೊಟ್ಟಣ ಕಸಿದುಕೊಂಡು ಬಂದೆ. ಅವನಿಗೆ ಲೆಕ್ಕ ಹಾಕಲು ಎಷ್ಟು ಹೊತ್ತು? ವಾರದೊಳಗೆ ಆ ಮಾತೂ ಓಣಿಯಲ್ಲಿ ಹೊರಳಾಡಿ ನಮ್ಮ ಕಟ್ಟೆಗೆ ಬಂತು.

ಮಗಳು ಥ್ರೋಬಾಲ್ ಬಿಟ್ಟಳು. ಬಸ್ಸಿನಲ್ಲಿ ಮುಖಕ್ಕೆ ಓಢಣಿ ಸುತ್ತಿಕೊಂಡು ಕೂರತೊಡಗಿದಳು. ಬಚ್ಚಲಲ್ಲಿ ಅವಳಪ್ಪನ ರೇಜರ್ ಬ್ಲೇಡು ಸಿಕ್ಕಿತು. ಗದ್ದದ ಕೆಳಗೆ ಎರಡು ಕಡೆ ಕೆತ್ತಿಕೊಂಡಿದ್ದಳು. ಒಂದು ಮಧ್ಯಾಹ್ನ ಅವಳ ಕೋಣೆಯ ಬಾಗಿಲಲ್ಲಿ ನಿಂತಾಗ ಒಳಗೆ ಅವಳದೇ ದನಿ ಎರಡೆರಡು ಸಲ ಕೇಳಿಸಿತು. ಮೊಬೈಲಿನಲ್ಲಿ ತನ್ನ ಮಾತನ್ನು ಹಿಡಿದು, ಹಿಂದಿನ ವರ್ಷದ ಕಾಲೇಜು ಗ್ಯಾದರಿಂಗಿನ ವಿಡಿಯೊದಲ್ಲಿದ್ದ ದನಿಗೆ ಹೋಲಿಸಿ ನೋಡುತ್ತಿದ್ದಳು.

“ಅವ್ವಾ, ನನ್ನ ದನಿ ದಪ್ಪ ಆಗೇತೇನ? ಖರೆ ಹೇಳ.”

ಖರೆ ಹೇಳು ಎಂದು ಕೇಳಿದಳು. ಇಲ್ಲ ಮಗಳೇ, ಹಾಗೇನೂ ಆಗಿಲ್ಲ ಎಂದೆ. ಅದಂತೂ ಖರೆಯೇ ಇತ್ತು. ಆದರೆ ಹೇಳಬೇಕಾಗಿದ್ದ ಖರೆ ಬೇರೆ ಇತ್ತು, ಅದು ನಾಲಗೆಯ ತುದಿಗೆ ಬಂದು ಒಳಗೇ ಇಳಿಯಿತು. ಅಷ್ಟರಲ್ಲಾಗಲೇ ನನಗೆ ಅನುಮಾನ ಶುರುವಾಗಿತ್ತು. ಗುಳಿಗೆಯ ಹಾಳೆಯ ಹಿಂದಿನ ಸಣ್ಣಕ್ಷರ ಓದಿದ್ದೆ. ಓದಿ ಮತ್ತೆ ಬ್ಯಾಗಿಗೆ ಹಾಕಿದ್ದೆ. ನನ್ನಂಥ ಹೇಡಿ ಯಾವ ಶಾಲೆಯಲ್ಲೂ ಇರಲಾರಳು.

ಎಂಟು ತಿಂಗಳ ಮೇಲೆ ಮಗಳು ನನ್ನನ್ನು ಕೇಳದೆ ಗೋಕಾಕದಲ್ಲೇ ಬೇರೊಬ್ಬ ಡಾಕ್ಟರನ್ನು ಕಂಡುಬಂದಳು. ಮನೆಯವರನ್ನು ಕರೆದುಕೊಂಡು ಬಾ ಎಂದಿದ್ದರಂತೆ. ಹೋದೆ. ವಯಸ್ಸಾದ ಹೆಂಗಸು, ಮುಖದಲ್ಲಿ ನಗುವಿಲ್ಲ, ಮಾತಿನಲ್ಲಿ ಬೆಣ್ಣೆಯಿಲ್ಲ. ಸ್ಕ್ಯಾನಿನ ಹಾಳೆ ನೋಡಿ ಬದಿಗಿಟ್ಟರು. “ಈ ವಯಸ್ಸಿನ್ಯಾಗ ಭಾಳ ಹುಡುಗ್ಯಾರದು ಹಿಂಗ ಕಾಣ್ತೈತ್ರಿ. ಇದೊಂದ ನೋಡಿ ಏನೂ ಹೇಳಾಕ ಬರಂಗಿಲ್ಲ” ಎಂದರು. ಕೂದಲಿನ ಮಾತು ಬಂದಾಗ ನನ್ನ ಕಡೆ ತಿರುಗಿ, “ನಿಮ್ಮ ಗದ್ದಾ ಕನ್ನಡ್ಯಾಗ ನೋಡ್ಕೊಂಡೀರೇನ್ರಿ?” ಎಂದು ಕೇಳಿದರು. ಭಾನುವಾರಕ್ಕೊಮ್ಮೆ ಚಿಮಟಿಗೆಯಿಂದ ಕಿತ್ತುಕೊಳ್ಳುವವಳು ನಾನು. ತಾಯಿಯ ಗದ್ದದಲ್ಲಿದ್ದದ್ದು ಮಗಳ ಗದ್ದದಲ್ಲಿದೆ ಎಂಬುದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ರಕ್ತದ ವರದಿ ಎತ್ತಿಕೊಂಡು ಬಾಣದ ಸಾಲಿನ ಮೇಲೆ ಪೆನ್ನು ಇಟ್ಟರು.

“ಇದ ರಕ್ತಾ ಕೊಟ್ಟ ದಿನಾ ಹೊಟ್ಯಾಗ ಯಾವ ಗುಳಿಗಿ ಇತ್ತವಾ?”

ಮಗಳು ನನ್ನನ್ನು ನೋಡಲಿಲ್ಲ. “ಡೇಟ್ ಮುಂದ ಹಾಕೂದ್ರಿ. ನಾಕ ದಿನಾ ತಗೊಂಡಿದ್ದೆ. ಮೊದ್ಲೂ ಭಾಳ ಸಲ ತಗೊಂಡೇನ್ರಿ. ಅಂಕಲಗಿ ಗೆಳತಿ ಒಬ್ಬಾಕಿ ಕೊಡ್ತಾಳ್ರಿ.”

ಅಂಕಲಗಿಯಲ್ಲಿ ಅವಳಿಗೆ ಯಾವ ಗೆಳತಿಯೂ ಇರಲಿಲ್ಲ. ಡಾಕ್ಟರು ಹಣೆ ಗಂಟಿಕ್ಕಿದರು. “ಆ ಗುಳಿಗೀನೂ ಒಂದ ಹಾರ್ಮೋನ್ ಐತಿ. ಕೆಲವು ಮಷಿನ್ನಿಗಿ ಅದರ ಗುರ್ತಾ ಸಿಗಂಗಿಲ್ಲ, ಟೆಸ್ಟೋಸ್ಟೆರಾನ್ ಅಂತ ಎಣಿಸಿಬಿಡ್ತಾವ. ರಕ್ತಾ ನಿಂದು, ಏರಿಕಿ ಗುಳಿಗೀದು ಇರಬಹುದು. ಅದಕ್ಕ ಮತ್ತ ನೋಡಬೇಕ. ಎಲ್ಲಾ ಗುಳಿಗಿ ಬಂದ್ ಮಾಡು. ಈ ಇಪ್ಪತ್ತೊಂದರದೂ ಬ್ಯಾಡ. ಮೂರ ತಿಂಗಳಾದ ಮ್ಯಾಲ, ಡೇಟ್ ಬಂದ ಎರಡನೇ ದಿನಾ ಮುಂಜಾನಿ ಬಂದು ರಕ್ತಾ ಕೊಡು. ಡೇಟ್ ಬಂದಿದ್ದೆಲ್ಲಾ ಬರದಿಡು.”

ಅವರು ಇಷ್ಟು ಹೇಳಿ ಮುಗಿಸುವವರೆಗೂ ನನಗೆ ಬಾಯಿ ಬಿಡಲು ಸಮಯವಿತ್ತು. ಬಿಡಲಿಲ್ಲ. ಮೊದಲ ಸಲ ಸುಳ್ಳು ಹೇಳಿದ್ದೆ, ಈ ಸಲ ಮಗಳ ಸುಳ್ಳಿನ ಹಿಂದೆ ಅಡಗಿ ಕೂತೆ. ಮೂಡಲಗಿಯ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು, ನಾನು ಅವಳ ಬ್ಯಾಗು ತೊಡೆಯ ಮೇಲಿಟ್ಟುಕೊಂಡಿದ್ದೆ.

ಆ ಮೂರು ತಿಂಗಳ ನಡುವೆ ಶ್ರಾವಣ ಬಂತು. ಮನೆಯಲ್ಲಿ ಕಡೆಯ ಸೋಮವಾರದ ಪೂಜೆ, ಪ್ರಸಾದ. ಎರಡು ದಿನ ಮೊದಲು ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಗುಳಿಗೆ ಇಲ್ಲ, ಕೊಡುವುದೂ ಇಲ್ಲ ಎಂದೆ. ಸೋಮವಾರ ಬೆಳಿಗ್ಗೆ ಮಗಳಿಗೆ ಮುಟ್ಟು ಬಂತು. ಅವಳು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದುಕೊಂಡಳು. ವಿಷಯ ತಿಳಿದ ಅತ್ತೆಯ ಮುಖ ಸಣ್ಣದಾಯಿತು.

“ಹಂಗಾರ ಆಕಿ ಪ್ರಸಾದಕ್ಕ ಕೈ ಹಚ್ಚೂದು ಬ್ಯಾಡ. ಮ್ಯಾಲಿನ ಖೋಲ್ಯಾಗ ಇರ್ಲಿ.”

“ಲಿಂಗ ಕಟ್ಟಿದ ಮೈಗಿ ಯಾತರ ಮೈಲಿಗಿ ಅಂತೀರಲ್ರಿ ಅತ್ತಿ?” ಎಂದೆ.

“ಅಂತೀನಿ. ಅನ್ನೂದು ಬ್ಯಾರೆ” ಎಂದರು ಅವರು, ಹಿಟ್ಟು ನಾದುತ್ತ. ಕೋಪವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಗುಳಿಗೆ ತೆಗೆದಿಟ್ಟ ಮೊದಲ ದಿನವೇ ನಮ್ಮ ಮನೆಯ ಬಣ್ಣ ಹೊರಬಿತ್ತು. ಅವರನ್ನು ಜಾಡಿಸಬೇಕೆಂದು ಬಾಯಿ ತೆರೆದವಳು ಅಲ್ಲೇ ನಿಂತೆ. ಆ ಮುದುಕಿ ಕನಿಷ್ಠ ಎರಡು ನಾಲಗೆ ಇರುವುದನ್ನು ಒಪ್ಪಿಕೊಂಡಿತ್ತು. ನಾನು ಅದನ್ನೂ ಮಾಡಿರಲಿಲ್ಲ. ಮಗಳನ್ನು ಕೆಳಗೆ ಕರೆದೆ, ಬಾ, ನೀನೇ ಬಡಿಸು ಎಂದೆ. ಅವಳು ಮೆಟ್ಟಿಲ ಮೇಲಿಂದಲೇ, ನನಗೆ ಓದುವುದಿದೆ ಎಂದಳು. ಅವಳ ಹೆಸರಿನಲ್ಲಿ ನಾನು ಶೂರಳಾಗುವುದು ಅವಳಿಗೆ ಬೇಕಿರಲಿಲ್ಲ.

ಯಾವ ಗುಳಿಗೆಯೂ ಇಲ್ಲದೆ ಮುಟ್ಟು ಮೂವತ್ತಮೂರು ದಿನಕ್ಕೆ ಬಂತು, ಮತ್ತೆ ಮೂವತ್ತೈದಕ್ಕೆ, ಮತ್ತೆ ಮೂವತ್ತೆರಡಕ್ಕೆ. ನೋಟ್‌ಬುಕ್ಕನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ, ತೋರಿಸಿ ಇಟ್ಟುಕೊಳ್ಳುತ್ತಿದ್ದಳು. ಎರಡನೆಯ ದಿನದ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಲ್ಯಾಬಿನಲ್ಲಿ ತನ್ನದೇ ಮೊಬೈಲ್ ನಂಬರ್ ಬರೆಸಿದಳು. ಎರಡು ದಿನದ ಮೇಲೆ ವರದಿ ಬಂದಾಗ ಅವಳೇ ಮೊದಲು ಓದಿದಳು. ಏನಿದೆ ಎಂದು ಕೇಳಿದೆ. ಡಾಕ್ಟರ್ ಹೇಳಲಿ ಎಂದಳು.

ಡಾಕ್ಟರು ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟರು. ಹೊಸದರಲ್ಲಿ ಬಾಣವಿರಲಿಲ್ಲ. ಟೆಸ್ಟೋಸ್ಟೆರಾನ್ ಎಲ್ಲರಂತೆ ಮಿತಿಯೊಳಗಿತ್ತು. ಥೈರಾಯ್ಡ್ ಸರಿ, ಉಳಿದವೂ ಸರಿ. ನೋಟ್‌ಬುಕ್ಕಿನ ತಾರೀಖುಗಳ ಮೇಲೆ ಬೆರಳಾಡಿಸಿ ನೋಡಿದರು.

“ಇದಕ್ಕ ಪಿಸಿಒಎಸ್ ಅನ್ನಾಕ ನನಗ ಸದ್ಯಕ್ಕ ಏನೂ ಕಾರಣ ಕಾಣವಲ್ದು. ಹಿಂಗ ಬರಕೋತ ಹೋಗು. ಮತ್ತ ಎರಡೆರಡ ತಿಂಗಳಾ ನಿಂತ್ರ ಬಾ, ಇಲ್ಲಂದ್ರ ಬರೂದು ಬ್ಯಾಡ. ಮತ್ತ ಆ ಅಂಕಲಗಿ ಗೆಳತಿಗಿ ಹೇಳವಾ, ಇನ್ನ ಯಾರಿಗೂ ಆ ಗುಳಿಗಿ ಕೊಡಬ್ಯಾಡ ಅಂತ.”

ಹೇಳುತ್ತೇನೆ ಎಂಬಂತೆ ಮಗಳು ತಲೆಯಾಡಿಸಿದಳು. ಎಂಟು ತಿಂಗಳು ಅವಳು ಇಲ್ಲದ ರೋಗದ ಗುಳಿಗೆ ನುಂಗಿದ್ದಳು, ಗದ್ದ ಕೆತ್ತಿಕೊಂಡಿದ್ದಳು, ತನ್ನ ದನಿಗೆ ತಾನೇ ಹೆದರಿದ್ದಳು. ನನ್ನದೊಂದು “ಇಲ್ರಿ” ಎಂಬ ಮಾತಿಗೆ.

“ಅಂಕಲಗಿ ಗೆಳತಿ ಯಾರೂ ಇಲ್ರಿ” ಎಂದೆ. “ಗುಳಿಗಿ ಕೊಟ್ಟಾಕಿ ನಾನು. ಆ ಮೊದಲಿನ ಡಾಕ್ಟರ್ ಕೇಳಿದಾಗ ಇಲ್ಲ ಅಂದಾಕಿನೂ ನಾನ.”

ಅವರಿಗೆ ಆಶ್ಚರ್ಯವಾಗಲಿಲ್ಲ. “ಗೊತ್ತಿತ್ತ ಬಿಡ್ರಿ. ಆ ಕುರ್ಚಿ ಮ್ಯಾಲ ಇಂಥಾ ಗೆಳತ್ಯಾರು ದಿನಾ ಬಂದು ಕೂಡ್ತಾರ” ಎಂದು ಹಾಳೆಗಳನ್ನು ಫೈಲಿಗೆ ಹಾಕಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ, ಅಷ್ಟಾದರೂ ಸಿಕ್ಕರೆ ಹಗುರಾದೇನು ಎಂಬ ಆಸೆಯಿತ್ತು. ಅವರು ನನ್ನನ್ನು ಅಲ್ಲಿಗೇ ಬಿಟ್ಟು ಮಗಳ ಕಡೆ ತಿರುಗಿದರು.

“ನೀ ಯಾಕವಾ ಸುಳ್ಳ ಹೇಳಿದಿ? ಖರೆ ಹೇಳಿದ್ರ ಏನಾಗತಿತ್ತು?”

“ಅವ್ವಗ ನಾಚಿಕಿ ಆಗತಿತ್ರಿ” ಎಂದಳು ಮಗಳು.

ಅಷ್ಟು ದಿನ ಅವಳಿಗೆ ನಾಚಿಕೆಯಾದೀತು ಎಂದು ಯಾರೂ ಒಂದು ಮಾತು ತಡೆದಿರಲಿಲ್ಲ. ನಾನೂ ತಡೆದಿರಲಿಲ್ಲ.